ಫಿನಾಯಿಲ್ ಕುಡಿದ ಗುಂಡಿ

ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ಇಡ್ಲಿ ಹಿಟ್ಟು ರುಬ್ಬಿದವನು ನಾನು. ಕೆಲಸ ಬಿಟ್ಟು ದಹಿಸರಿನ ಮನೆಯಲ್ಲಿ ಕೂತಾಗ, ಬಿಲ್ಡಿಂಗಿನವರು ಹಿಂಬದಿಯ ಗೊಬ್ಬರದ ಗುಂಡಿಯನ್ನು ನೋಡಿಕೊಳ್ಳಲು ಹೇಳಿದರು. ಮಳೆ ನೀರು ನಿಂತು ಅದು ನಾತ ಹೊಡೆಯತೊಡಗಿತು. ನಾತವೆಂದರೆ ನನಗೆ ಮೈಯೆಲ್ಲ ಉರಿ. ಹೋಟೆಲಿನ ಮೋರಿಗೆ ಮಾಡುತ್ತಿದ್ದಂತೆ ಇಡೀ ಕ್ಯಾನ್ ಫಿನಾಯಿಲ್ ಸುರಿದೆ.

ಎರೆಹುಳುಗಳು ಸಿಪ್ಪೆಗಳ ನಡುವಿನಿಂದ ಮೇಲೆ ನುಗ್ಗಿದವು. ಒಂದಕ್ಕೊಂದು ಸುತ್ತಿಕೊಂಡು, ಕಾದ ಬಾಣಲೆಗೆ ಬಿದ್ದಂತೆ ವಿಲವಿಲ ಒದ್ದಾಡಿದವು. ಅಸಹ್ಯವಾಗಿ, ಸಲಿಕೆಯಿಂದ ಚಚ್ಚಿ ಚಚ್ಚಿ ಒಳಗೆ ತಳ್ಳಿದೆ.

“ಈಗ ಸಾಫ್ ಆಯ್ತು ನೋಡಿ ಮಾರಾಯ್ರೆ,” ಎಂದರು ಕೆಳಮನೆಯವರು.

ತಿಂಗಳು ಕಳೆದರೂ ಹಾಕಿದ ಸೊಪ್ಪು ಗೊಬ್ಬರವಾಗಲಿಲ್ಲ. ಕಸದ ಬಕೆಟ್ ಹಿಡಿದು ಬಂದ ಹೆಂಡತಿ ಗುಂಡಿಯನ್ನು ಬಗ್ಗಿ ನೋಡಿದಳು.

“ಹೋಟೆಲಲ್ಲಿ ಹಿಟ್ಟಿನ ಪಾತ್ರೆಗೂ ಫಿನಾಯಿಲ್ ಹಾಕ್ತಿದ್ರಾ?” ಎಂದು ಕೇಳಿದಳು.

ಆ ಪಾತ್ರೆಯನ್ನು ನಾವು ಪೂರ್ತಿ ತೊಳೆಯುತ್ತಲೇ ಇರಲಿಲ್ಲ. ಹೊಸ ಹಿಟ್ಟು ಹುಳಿಬಂದು ಉಬ್ಬಲೆಂದು ತಳದಲ್ಲಿ ಹಳೆಯದನ್ನು ಒಂದು ಸೌಟು ಉಳಿಸುತ್ತಿದ್ದೆವು. ಗೊತ್ತಿಲ್ಲದೆ ಅದನ್ನು ತಿಕ್ಕಿ ತೊಳೆದ ಹೊಸ ಅಡುಗೆಯವನ ಕಪಾಳಕ್ಕೆ ಬಾರಿಸಿದವನು ನಾನೇ.