ಗುಲ್ಮಾರ್ಗದಲ್ಲಿ ಇಳಿಯದೇ ಬಿಟ್ಟ ಇಳಿಜಾರು

ಕೊರೋನಾ ಕಾಲ ಕಳೆದ ಎರಡನೆಯ ಚಳಿಗಾಲ ಅದು. ಹಿಮಾಲಯದ ತರಬೇತಿ ಸಂಸ್ಥೆಯೊಂದರಲ್ಲಿ ಸ್ಕೀ ಬೋಧಕಿಯಾಗಿದ್ದ ನಾನು ನಿವೃತ್ತಳಾಗಿ ಹುಟ್ಟೂರು ಕರ್ಕಿಗೆ ಮರಳಿದ್ದೆ. ಹೊನ್ನಾವರದಲ್ಲಿ ಸಣ್ಣ ಕಚೇರಿ ತೆರೆದು, ಹಿಮದ ಪ್ರವಾಸಗಳನ್ನು ಯೋಜಿಸಿ ತಂಡದ ಜೊತೆಗೇ ಹೋಗಿಬರುತ್ತಿದ್ದೆ. ಬೆವರು ಒರೆಸಿಕೊಳ್ಳುತ್ತ ಹಿಮದ ಮಾತಾಡುವವಳನ್ನು ಕಂಡು ಪೇಟೆಯವರು ನಗುತ್ತಿದ್ದರು. ನಗಲಿ ಬಿಡಿ.

ಆ ವರ್ಷ ಪರಸ್ಪರ ಬಾಲ್ಯಸ್ನೇಹಿತರಾದ ಇಬ್ಬರು ನನ್ನ ಕಚೇರಿಗೆ ಬಂದರು. ಒಬ್ಬ ತೆಂಗಿನಗುಂಡಿಯ ದೋಣಿ ಮಾಲೀಕ ಮಂಜುನಾಥ, ಇನ್ನೊಬ್ಬ ಭಟ್ಕಳದ ಬಟ್ಟೆ ವ್ಯಾಪಾರಿ ಇಮ್ತಿಯಾಜ್. ಇಬ್ಬರೂ ಹಲವು ಚಳಿಗಾಲ ಗುಲ್ಮಾರ್ಗಕ್ಕೆ ಹೋಗಿ ಸ್ಕೀ ಚೆನ್ನಾಗಿಯೇ ಕಲಿತಿದ್ದರು.

"ಅಲ್ಲಿ ಬರೀ ಸಂತೆ ಅಕ್ಕ," ಎಂದ ಮಂಜುನಾಥ. "ಒಬ್ಬರ ಮೇಲೆ ಒಬ್ಬರು ಬೀಳ್ತಾರೆ. ನಮಗೆ ಗೊಂಡೋಲಾ ಕೇಬಲ್ ಕಾರಿನ ಆಚೆ ಹೋಗ್ಬೇಕು."

ಅವನು ಕೇಳಿದ್ದು ಬ್ಯಾಕ್‌ಕಂಟ್ರಿ ಸ್ಕೀಯಿಂಗ್. ಅಂದರೆ ರೆಸಾರ್ಟಿನ ಗಡಿಯಾಚೆ, ಕಾವಲು ಸಿಬ್ಬಂದಿ ಇಲ್ಲದ ಇಳಿಜಾರನ್ನು ಸ್ವಂತ ಕಾಲಲ್ಲಿ ಹತ್ತಿ ಇಳಿಯುವುದು. ಅಲ್ಲಿನ ಯಮ ಹಿಮಕುಸಿತ. ಮೂವತ್ತು ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಅದರ ಭಯ ಹೆಚ್ಚು. ಮಂಜುನಾಥನ ಮೊಣಕಾಲು ಸವೆದಿತ್ತು. ಇದೇ ಕೊನೆಯ ಸ್ಕೀಯಿಂಗ್ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಮೀನಿನ ಸೀಸನ್ನಿನ ನಡುವೆ ದೋಣಿಯನ್ನು ತಮ್ಮನಿಗೆ ಒಪ್ಪಿಸಿ, ಒಂದು ವಾರ ಬಿಡುವು ಮಾಡಿಕೊಂಡು ಹೊರಟಿದ್ದ.

ಕಾಲು ಪಳಗಲೆಂದು ಇಬ್ಬರನ್ನೂ ಬೆನ್ನಚೀಲದಲ್ಲಿ ತೆಂಗಿನಕಾಯಿ ಹೊರಿಸಿ ಸಂತೆಗುಳಿಯ ಗುಡ್ಡ ಹತ್ತಿಸಿದೆ. ಹಿಮದಡಿ ಹೂತವರನ್ನು ಹುಡುಕಲು ಬೀಕನ್ ಎಂಬ ಪುಟ್ಟ ಯಂತ್ರವಿದೆ. ಹೂತವರ ಮೈಮೇಲಿನ ಬೀಕನ್ ಸಂಕೇತ ಕಳಿಸುತ್ತದೆ, ಹುಡುಕುವವರದು ಹಿಡಿಯುತ್ತದೆ. ಅದರ ಅಭ್ಯಾಸ ತೆಂಗಿನಗುಂಡಿಯ ಮರಳಿನಲ್ಲಿ ನಡೆಯಿತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೀಕನ್ ಹೂತಿಟ್ಟು ಅವರು ಹುಡುಕುತ್ತಿದ್ದರೆ ಸುತ್ತ ಜನ ಸೇರಿದರು. "ಎಂತ ಕಳೀತು? ಬಂಗಾರವಾ?" ಎಂದು ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ತಾನೂ ಮರಳು ಕೆದರಲು ಕೂತಳು.

ಹೊರಡುವ ಮುನ್ನ ಒಂದು ನಿಯಮ ಮಾಡಿಕೊಂಡೆವು: ಒಬ್ಬರು ಬೇಡವೆಂದರೂ ಎಲ್ಲರೂ ಹಿಂದೆ. ಇಬ್ಬರೂ ಕೂಡಲೇ ತಲೆ ಆಡಿಸಿದರು. ಕರಾವಳಿಯ ಸೆಖೆಯಲ್ಲಿ ಕೂತು ತಲೆ ಆಡಿಸುವುದು ಸುಲಭ.

ಗುಲ್ಮಾರ್ಗದಲ್ಲಿ ನಾವು ಇಳಿದ ದಿನವೇ ಹಿಮ ಸುರಿಯತೊಡಗಿ ದಿನಗಟ್ಟಲೆ ನಿಲ್ಲಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ತೆರೆದುಕೊಂಡಿತು. ನಮಗೆ ಉಳಿದದ್ದು ಅದೊಂದೇ ದಿನ. ಮಂಜುನಾಥ ಆಗಲೇ ಬೂಟು ಕಟ್ಟಿ ನಿಂತಿದ್ದ.

"ತೂಫಾನ್ ಇಳಿದ ಮರುದಿನವೇ ನಮಗೆ ಬಲೆ ತುಂಬ ಮೀನು, ಅಕ್ಕ. ಮೊದಲು ಹೋದವನಿಗೇ ಲಾಭ. ನಡೀರಿ!"

ಕಡಲಿನವನಿಗೆ ಅದು ಸರಿಯಾದ ಲೆಕ್ಕ. ಹಿಮದಲ್ಲಿ ಮಾತ್ರ ತಿರುಗುಮುರುಗು. ಹೊಸ ಹಿಮ ಬಿದ್ದ ಮರುದಿನವೇ ಅಪಾಯ ಹೆಚ್ಚು. ನಾವು ಆರಿಸಿದ್ದ ಇಳಿಜಾರಿನ ಬುಡದ ಬಳಿ, ಸುರಕ್ಷಿತವಾದ ಜಾಗದಲ್ಲಿ ಹಿಮ ಅಗೆದು ನೋಡಿದೆ. ಹೊಸ ಪದರ ಹಳೆಯದಕ್ಕೆ ಅಂಟಿರಲಿಲ್ಲ. ಸಲಿಕೆಯಿಂದ ಮೆಲ್ಲಗೆ ತಟ್ಟಿದರೆ ಜಾರಿ ಬರುತ್ತಿತ್ತು.

"ಬೇಡ," ಎಂದೆ.

"ಎಂತ ಬೇಡ? ಇಷ್ಟು ಚಂದ ಬಿಸಿಲು ಉಂಟು!"

"ನೆರೆ ಇಳಿದ ಮರುದಿನ ಅಳಿವೆಯಲ್ಲಿ ನೀನು ನಿನ್ನೆಯ ದಾರೀಲೇ ದೋಣಿ ಬಿಡ್ತೀಯಾ?"

ಹೊಳೆ ಕಡಲು ಸೇರುವ ಅಳಿವೆಯಲ್ಲಿ ನೆರೆ ಬಂದರೆ ಮರಳದಿಣ್ಣೆ ಜಾಗ ಬದಲಿಸುತ್ತದೆ. ಮೇಲಿನ ನೀರು ಎಷ್ಟೇ ಶಾಂತವಾಗಿದ್ದರೂ ತಳ ಗೊತ್ತಾಗುವುದಿಲ್ಲ. ಮಂಜುನಾಥ ಬಹಳ ಹೊತ್ತು ಇಳಿಜಾರನ್ನೇ ನೋಡಿದ. ಆಮೇಲೆ ಬೆನ್ನು ತಿರುಗಿಸಿ, "ಆತು," ಎಂದ. ಆ ದಿನ ದೇವದಾರು ಮರಗಳ ನಡುವಿನ ಸಪ್ಪೆ ಇಳಿಜಾರಿನಲ್ಲಿ ಮಕ್ಕಳಂತೆ ಜಾರಿ ಮುಗಿಸಿದೆವು.

ಸಂಜೆ ಬೇರೊಂದು ತಂಡ ಅದೇ ಇಳಿಜಾರನ್ನು ಇಳಿದು ನಗುನಗುತ್ತ ಬಂತು. ಏನೂ ಆಗಿರಲಿಲ್ಲ. "ಅಕ್ಕನ ಹಿಮ ಅಕ್ಕನಿಗೆ ಮಾತ್ರ ಜಾರ್ತದೆ," ಎಂದು ಇಮ್ತಿಯಾಜ್ ಚುಡಾಯಿಸಿದ. ಮಂಜುನಾಥ ನಗಲಿಲ್ಲ. ಅವನ ಕೊನೆಯ ಅವಕಾಶವನ್ನು ಸುಮ್ಮನೆ ಕಸಿದುಕೊಂಡೆನೇ?

ಆ ಇಳಿಜಾರು ನಮ್ಮ ಮೂವರ ಕಾಲಡಿಯಲ್ಲಿ ಏನು ಮಾಡುತ್ತಿತ್ತು ಎಂಬ ಕುತೂಹಲ ನನಗೆ ಇಂದಿಗೂ ತೀರಿಲ್ಲ. ತೀರುವ ದಾರಿಯೂ ಇಲ್ಲ. ತಪ್ಪಾಗಿ ಹೂಂ ಅಂದರೆ ಊರಿಗೆಲ್ಲ ಗೊತ್ತಾಗುತ್ತದೆ. ಸರಿಯಾಗಿ ಬೇಡ ಅಂದದ್ದು ಹೇಳಿದವರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದೆಯೂ ಬೇಡ ಅನ್ನುವುದನ್ನು ಈ ಕೆಲಸ ನನಗೆ ಕಲಿಸಿತು.

ಶ್ರೀನಗರಕ್ಕೆ ಇಳಿಯುವ ಟ್ಯಾಕ್ಸಿಯಲ್ಲಿ ಮಂಜುನಾಥನ ಕ್ಷಮೆ ಕೇಳಿದೆ. ಅವನು ಕಿಟಕಿಯಾಚೆಗಿನ ಹಿಮ ನೋಡುತ್ತಲೇ ಹೇಳಿದ:

"ನಮ್ಮಪ್ಪ ಎಷ್ಟೋ ದಿನ ಕಡಲು ನೋಡಿ ದಡದಿಂದಲೇ ವಾಪಸ್ ಬರ್ತಿದ್ರು. ಉಳಿದವರು ಮೀನು ತಂದು ನಗಾಡ್ತಿದ್ರು. ಆದ್ರೆ ಅಕ್ಕ, ನಮ್ಮ ಕೇರಿಯಲ್ಲಿ ಆ ತಲೆಮಾರಿನವರಲ್ಲಿ ಮನೇಲಿ, ಹಾಸಿಗೆ ಮೇಲೆ ತೀರಿಕೊಂಡವರು ನಮ್ಮಪ್ಪ ಒಬ್ಬರೇ."