ಹೊರಡುವ ಮುಂಚೆ ಒಂದು ಡಬ್ಬ

ಲೋಕವೆಲ್ಲ ಪಾತ್ರೆ ತೊಳೆಯುತ್ತದೆ, ಬಟ್ಟೆ ತೊಳೆಯುತ್ತದೆ. ಇವನು ಗಾಳಿ ತೊಳೆಯುತ್ತಿದ್ದ. ಹೆಂಡತಿ ಹಾಗೆಂದು ಆಡಿಕೊಂಡು ನಗುತ್ತಿದ್ದಳು. ಕಲ್ಲಿದ್ದಲನ್ನು ಅನಿಲವಾಗಿಸಿ ಅದರಿಂದ ಕರೆಂಟು ತೆಗೆಯುವ ಸ್ಥಾವರದಲ್ಲಿ ಅವನ ಕೆಲಸ. ಆ ಅನಿಲದಲ್ಲಿ ಕೊಳೆತ ಮೊಟ್ಟೆಯಂತೆ ನಾರುವ ಗಂಧಕದ ವಿಷವಿರುತ್ತದೆ. ಎತ್ತರದ ಟವರಿನೊಳಗೆ ದ್ರಾವಣ ಸುರಿಸಿ ಅದನ್ನು ತೊಳೆದ ಮೇಲೇ ಟರ್ಬೈನಿಗೆ ಬಿಡಬೇಕು. ತೊಳೆದದ್ದು ಯಾರ ಕಣ್ಣಿಗೂ ಕಾಣುವುದಿಲ್ಲವಾದ್ದರಿಂದ ಶಭಾಷ್ ಅನ್ನುವವರಿಲ್ಲ. ಕೆಟ್ಟರೆ ಮಾತ್ರ ಎಲ್ಲರೂ ಮೈಮೇಲೆ ಬೀಳುತ್ತಾರೆ.

ಈಚೆಗೆ ಟವರಿಗೆ ನೊರೆಯ ಚಾಳಿ ಹತ್ತಿತ್ತು. ಹಳೆಯ ಫಿಲ್ಟರಿನಿಂದ ನುಸುಳಿದ ಬೂದಿ ದ್ರಾವಣಕ್ಕೆ ಸೇರಿ ಸೋಪಿನ ನೀರಿನ ಹಾಗೆ ಉಬ್ಬುತ್ತಿತ್ತು. ನೊರೆ ಎದ್ದರೆ ತೊಳೆಯುವುದು ನಿಲ್ಲುತ್ತದೆ, ಅನಿಲವನ್ನೆಲ್ಲ ಚಿಮಣಿಯ ತುದಿಯಲ್ಲಿ ಸುಟ್ಟುಬಿಡಬೇಕು. ಆ ಘಾಟು ಸೀದಾ ಕಾರ್ಮಿಕರ ಕ್ವಾರ್ಟರ್ಸಿಗೆ ಬರುತ್ತದೆ. ಅಲ್ಲಿ ಅವನ ಉಬ್ಬಸದ ತಾಯಿ ಇದ್ದಳು. ಇನ್ನೊಂದು ಸಲ ಘಾಟಿಗೆ ಉಸಿರು ಕಟ್ಟಿದರೆ ತನ್ನ ಕೈಲಿ ಏನೂ ಇಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಫಿಲ್ಟರು ಬದಲಿಸಿ ಎಂದು ಹೇಳಿ ಹೇಳಿ ಅವನ ಬಾಯಿ ಒಣಗಿತ್ತು. "ಪ್ಲಾಂಟ್ ನಿಲ್ಲಿಸೋಕಾಗಲ್ಲ, ಹೆಂಗಾದ್ರೂ ಸಂಭಾಳಿಸಪ್ಪ," ಎನ್ನುತ್ತಿದ್ದರು ಮ್ಯಾನೇಜರು. ಸಂಭಾಳಿಸುವುದೆಂದರೆ ನೊರೆ ಇಳಿಸುವ ಎಣ್ಣೆ. ಚೂರು ಹಾಕಿದರೆ ನೊರೆ ಕೂರುತ್ತದೆ. ಅತಿಯಾದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ದುಪ್ಪಟ್ಟು ಏಳುತ್ತದೆ. ಎಲ್ಲರಿಗೂ ಇದು ಗೊತ್ತು. ಗೊತ್ತಿದ್ದೂ ಪ್ರತಿ ಪಾಳಿಯವನೂ ಹೊರಡುವ ಮುಂಚೆ ಗುಟ್ಟಾಗಿ ಒಂದು ಡಬ್ಬ ಸುರಿದು, ತಣ್ಣಗಾದ ಟವರನ್ನು ಮುಂದಿನವನಿಗೆ ಒಪ್ಪಿಸಿ ಕಾಲು ಕೀಳುತ್ತಿದ್ದ. ಇಂಥ ಜಾಣತನಕ್ಕೆ ಬೆಂಕಿ ಬೀಳ.

ಒಂದು ಬೆಳಿಗ್ಗೆ ಅವನು ರಾತ್ರಿ ಪಾಳಿಯ ಹಿರಿಯನ ಮೇಲೆ ಹರಿಹಾಯ್ದಿದ್ದ. "ನಮ್ಮಮ್ಮನ್ನ ಕೊಲ್ತೀಯೇನಣ್ಣ?" ಹಿರಿಯ ತಲೆ ತಗ್ಗಿಸಿದ. ಅಂದಿನಿಂದ ಅವನು ಡಬ್ಬ ಮುಟ್ಟಲಿಲ್ಲ, ಇವನ ಬೆಳಗಿನ ಪಾಳಿ ನೆಮ್ಮದಿಯಾಯಿತು. ಆದರೆ ಇವನು ಮುಟ್ಟುವುದನ್ನು ಬಿಟ್ಟನೇ? ಇಲ್ಲ. ಮಧ್ಯಾಹ್ನದ ಪಾಳಿಯ ಹುಡುಗ ಬರುವ ಹೊತ್ತಿಗೆ ನೊರೆ ಎದ್ದರೆ ಕೆಟ್ಟ ಹೆಸರು ತನಗೇ ತಾನೆ? ನಾನೊಬ್ಬನೇ ಯಾಕೆ ಬೈಸಿಕೊಳ್ಳಲಿ ಎಂದು ದಿನವೂ ಸುರಿಯುತ್ತಿದ್ದ. ಒಂದು ದಿನ ಹಾಗೇ ಸುರಿದು ಮನೆಗೆ ಬಂದ.

ಸಂಜೆ ಘಾಟು ಬಂತು. ಹೆಂಡತಿ ಕಿಟಕಿಗಳನ್ನು ಮುಚ್ಚಿ ಸಂದಿಗೆ ಒದ್ದೆ ಬಟ್ಟೆ ತುರುಕಿದಳು. ತಾಯಿ ಮಂಚದ ಅಂಚು ಹಿಡಿದು ಉಸಿರಿಗಾಗಿ ಒದ್ದಾಡಿದಳು. ಅವನು ಬೆನ್ನು ನೀವಿದ.

"ನೀನು ಡ್ಯೂಟೀಲಿದ್ರೆ ಹೀಗಾಗಲ್ಲ ಕಣಪ್ಪ," ಎಂದಳು ತಾಯಿ, ಉಸಿರಿನ ನಡುವೆ. "ಆ ಹುಡುಗನಿಗೂ ಸ್ವಲ್ಪ ಹೇಳ್ಕೊಡಬಾರ್ದಾ?"

ಅವನು ಎದ್ದು ಹೊರಗೆ ಹೋಗಿ ಮಧ್ಯಾಹ್ನದ ಪಾಳಿಯವನಿಗೆ ಫೋನ್ ಮಾಡಿದ.

"ಲೋ, ಬರೋವಾಗ ನಾನೇ ಒಂದು ಡಬ್ಬ ಸುರಿದಿದೀನಿ. ಇನ್ನು ಒಂದು ಹನೀನೂ ಹಾಕ್ಬೇಡ."

ಆ ಕಡೆಯಿಂದ ಹುಡುಗ ಅಂದ:

"ಮೊದಲೇ ಹೇಳೋದಲ್ವಾ ಅಣ್ಣ. ಅಮ್ಮಂಗೆ ತೊಂದರೆ ಆಗುತ್ತಲ್ಲಾಂತ ಈಗ ತಾನೇ ಎರಡು ಸುರಿದೆ."