ಮಡ್ಡಿಯ ಮೇಲೆ ಆರು ಸಾಲು

ನಮ್ಮ ಅಂಗಳದಲ್ಲಿ ಮಳೆ ಅಳೆಯುವ ಕೊಳವೆ ನೆಟ್ಟದ್ದು ನನ್ನ ಜಾಣತನ ನೋಡಿ ಅಲ್ಲ. ನರೋಣಾದ ನಮ್ಮ ಓಣಿಯಲ್ಲಿ ಮರದ ನೆರಳಿಲ್ಲದ, ಸೂರಿನ ನೀರು ಬೀಳದ ಒಂದು ಮೂಲೆ ಇದ್ದದ್ದು ನಮ್ಮ ಮನೆಯ ಮುಂದೆ ಮಾತ್ರ. ಮೇಲಾಗಿ ನಾನು ಮನೆಯಲ್ಲೇ ಇರುವವಳು, ದಿನಾ ಬೆಳಿಗ್ಗೆ ನೋಡಿ ಬರೆದಿಡಬಲ್ಲವಳು. ಮಡ್ಡಿ ಹೊಲದ ರೈತರ ಜೊತೆ ಕೆಲಸ ಮಾಡುತ್ತಿದ್ದ ಒಂದು ಸಂಸ್ಥೆಯವರು ಬಂದು, ಅಂಗೈ ಅಗಲದ ಬಾಯಿಯ ಆ ಕೊಳವೆಯನ್ನು ಕಂಬಕ್ಕೆ ಬಿಗಿದು, ಅದರ ಮೇಲೊಂದು ಕೆಂಪು ಗೆರೆ ಎಳೆದರು. ಒಂದು ಮಳೆಗೆ ನೀರು ಆ ಗೆರೆ ದಾಟಿದರೆ ಮಡ್ಡಿಯಲ್ಲಿ ತೊಗರಿ ಬಿತ್ತಬಹುದು. ದಾಟದಿದ್ದರೆ ಕಾಯಬೇಕು.

ಮಡ್ಡಿ ಎಂದರೆ ಊರಿಗಿಂತ ಎತ್ತರದ ನೆಲ. ಕಲ್ಲು ಬೆರೆತ ತೆಳುವಾದ ಕೆಂಪು ಮಣ್ಣು. ನಾನು ಹುಟ್ಟಿದ್ದು ಜೇವರ್ಗಿ ಕಡೆಯ ಕಪ್ಪು ಎರೆ ಭೂಮಿಯಲ್ಲಿ. ಅಲ್ಲಿ ಒಮ್ಮೆ ನೆನೆದ ಮಣ್ಣು ದಿನಗಟ್ಟಲೆ ತೇವ ಬಿಡುವುದಿಲ್ಲ. ಇಲ್ಲಿ ಬೆಳಗಿನ ತೇವ ಸಂಜೆಗೆ ಇರುವುದಿಲ್ಲ. ಮದುವೆಯಾಗಿ ಬಂದ ಎಷ್ಟೋ ವರ್ಷ ಈ ಎರಡು ಮಣ್ಣಿನ ವ್ಯತ್ಯಾಸ ನನಗೆ ಗೊತ್ತಿದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲಷ್ಟೇ. ಎರೆಯ ಕಲೆ ಒಣಗಿದರೆ ಉದುರುತ್ತದೆ, ಮಡ್ಡಿಯ ಕೆಂಪು ಸೋಪಿಗೂ ಜಗ್ಗುವುದಿಲ್ಲ.

ಶಿಕ್ಷಕರಾದ ನಮ್ಮ ಮನೆಯವರು ಒಂದು ಹಳೆಯ ಕರಿಹಲಗೆ ತಂದು ಬಾಗಿಲ ಪಕ್ಕ ತೂಗುಹಾಕಿದರು. ಮೇಲೆ ಮಳೆ, ಕೆಳಗೆ ಆಳಂದ ಮಾರುಕಟ್ಟೆಯ ತೊಗರಿ ಧಾರಣೆ. ಧಾರಣೆ ನೋಡಿಕೊಂಡು ಜನ ಚೀಲ ಒಯ್ಯತೊಡಗಿದ ಮೇಲೆ, ಸುಗ್ಗಿಯಾದ ವಾರವೇ ಎಲ್ಲರೂ ಪೇಟೆಗೆ ಮುಗಿಬೀಳುವುದು ತುಸು ಕಡಿಮೆಯಾಯಿತು. ಕಾನ್ವೆಂಟಿನ ಸಿಸ್ಟರುಗಳು ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ ದುಂಡು ಅಕ್ಷರ ನನಗೆ ಉಪಯೋಗಕ್ಕೆ ಬಂದದ್ದು ಆಗಲೇ.

ಹಲಗೆ ನೋಡಲು ಎಲ್ಲರಿಗಿಂತ ಮೊದಲು ಬರುತ್ತಿದ್ದವರು ಪಕ್ಕದ ಮನೆಯ ಖಾಲಾ, ಓಣಿಗೆಲ್ಲ ಚಿಕ್ಕಮ್ಮ. ಗಂಡ ತೀರಿಕೊಂಡ ಮೇಲೆ ಮಡ್ಡಿಯ ಹೊಲವನ್ನು ತಾವೇ ಮಾಡಿಸುವವರು. ಅಕ್ಷರ ಬಾರದು, ಅಂಕಿ ಬರುತ್ತದೆ. ಅವರೂ ನಮ್ಮ ಅತ್ತೆಯೂ ಹಳೆಯ ಗೆಳತಿಯರು, ಅಂದರೆ ದಿನಕ್ಕೊಮ್ಮೆಯಾದರೂ ಒಬ್ಬರನ್ನೊಬ್ಬರು ಕೆಣಕದಿದ್ದರೆ ರೊಟ್ಟಿ ಇಳಿಯದವರು.

"ಏನ್ ಬೇ, ನಿನ್ನ ಸೊಸಿ ಮಳಿ ಅಳೀತಾಳ, ನೀ ಏನ್ ಅಳೀತಿ?"

"ನಾ ನಿನ್ನ ಬಾಯಿ ಅಳೀತೇನಿ. ಅದಕ್ಕ ಆ ಕೊಳವಿ ಸಾಲಂಗಿಲ್ಲ."

ಆ ವರ್ಷ ಖಾಲಾ ಬಳಿ ಉಳಿದಿದ್ದದ್ದು ಒಂದೇ ಬಿತ್ತನೆಗೆ ಸಾಲುವಷ್ಟು ತೊಗರಿ ಬೀಜ. ಮಡ್ಡಿಗೆ ಒಗ್ಗಿದ, ಬೇಗ ಬರುವ ತಳಿ. ಅವರ ಅತ್ತೆಯ ಕಾಲದಿಂದ ಬೂದಿ ಬೆರೆಸಿ ಕಾಪಾಡಿದ್ದು, ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅರೆತೇವದಲ್ಲಿ ಬಿತ್ತಿ ಮೊಳಕೆ ಒಣಗಿತೋ, ಆ ಬೀಜವೇ ಮುಗಿದಂತೆ.

ಮಿರಗದ ಮಳೆ, ಅಂದರೆ ಮೃಗಶಿರಾ, ಕೂಡಿದ ಮರುದಿನ ಬೆಳಿಗ್ಗೆ ಕೊಳವೆಯ ಮುಂದೆ ಬಗ್ಗಿ ನೋಡಿದೆ. ನೀರು ಕೆಂಪು ಗೆರೆ ದಾಟಿತ್ತು! ನೀರಿಗೆ ತೆಳು ಗುಲಾಬಿ ಬಣ್ಣವಿತ್ತು. ತಳದಲ್ಲಿ ಒಂದು ಅಕ್ಕಿ ಕಾಳು. ಬಣ್ಣ ಗಾಳಿಗೆ ಹಾರಿ ಬಂದ ಮಣ್ಣಿನದು, ಕಾಳು ಗುಬ್ಬಿಯದು ಅಂದುಕೊಂಡೆ. ಅಂಗಳದ ಧೂಳಿನಲ್ಲಿ ಹನಿ ಬಿದ್ದ ಗುರುತುಗಳು ಒಂದೊಂದೂ ಬೇರೆಬೇರೆಯಾಗಿ, ಎಣಿಸುವಷ್ಟು ಸ್ಪಷ್ಟವಾಗಿ ಇದ್ದವು. ಜೋರು ಮಳೆ ಬಿದ್ದ ಅಂಗಳ ಹಾಗಿರುವುದಿಲ್ಲ. ಅದನ್ನೂ ನೋಡಿದೆ. ಖುಷಿಯಲ್ಲಿ ಯಾವುದನ್ನೂ ಯೋಚಿಸದೆ ಹಲಗೆಯ ಮೇಲೆ ದೊಡ್ಡದಾಗಿ ಬರೆದೆ.

ಎರಡನೆಯ ಚಹಾದ ಹೊತ್ತಿಗೆ ಅತ್ತೆ ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತ ಹೇಳಿದರು. "ನಿನ್ನೆ ಸಂಜೀಕ ನಿನ್ನ ಕೊಳವಿಗೂ ಪೂಜಿ ಮಾಡೇನಿ ನೋಡವ್ವ. ಮಿರಗ ಕೂಡ್ತದ ಅಂತ ಕೂರಗಿ, ನೇಗಿಲಾ ಎಲ್ಲಾಕ್ಕೂ ಮಾಡ್ತೀವಿ, ಅದೊಂದಕ ಯಾಕ ಬಿಡಬೇಕು? ಕುಂಕುಮ ಹಚ್ಚಿ, ಅಕ್ಕಿಕಾಳ ಹಾಕಿ, ನೀರ ಬಿಟ್ಟೇನಿ."

ಕಪ್ಪು ಕೆಳಗಿಟ್ಟೆ. "ಎಷ್ಟು ನೀರ್ ಬಿಟ್ಟೀರಿ ಅತ್ತಿ?"

"ಒಂದ್ ತಂಬಿಗಿ. ಹೆಚ್ಚಿಂದು ನೆಲಕ್ಕ ಹೋತು, ಬಾಯಿ ಸಣ್ಣದ ಅದ ನೋಡು ಅದರದು."

"ಖಾಲಾ ಎಲ್ಲಿದ್ದಾರ?"

"ನಿನ್ನ ಹಲಗಿ ನೋಡಿ ಆಗಲೇ ಕೂರಗಿ ಹೊಡಕೊಂಡು ಹೋದಳಲ್ಲ."

ಒಲೆ ಆರಿಸಿ, ಸಿಕ್ಕ ಚಪ್ಪಲಿ ಮೆಟ್ಟಿ ಓಡಿದೆ. ಒಂದು ನನ್ನದು, ಒಂದು ಅತ್ತೆಯದು ಎಂದು ತಿಳಿದದ್ದು ಏರು ಹತ್ತುವಾಗ.

ಖಾಲಾರ ತಮ್ಮ ಎತ್ತು ಹೊಡೆಯುತ್ತಿದ್ದರು. ಖಾಲಾ ಬಿತ್ತುವ ಕೂರಿಗೆಯ ಹಿಂದೆ ನಡೆಯುತ್ತ, ಉಡಿಯಿಂದ ಬೀಜ ತೆಗೆದು ಅದರ ಬಟ್ಟಲಿಗೆ ಬಿಡುತ್ತಿದ್ದರು. ಆರು ಸಾಲು ಮುಗಿದಿತ್ತು.

"ಖಾಲಾ, ನಿಲ್ಲಸ್ರಿ! ಹಲಗಿ ತಪ್ಪದ!"

"ಹಲಗಿ ಹ್ಯಾಂಗ ತಪ್ತದ? ಬರದಾಕಿ ಯಾರು?"

"ನಾನೇ ರೀ. ನಾನೇ ತಪ್ಪೇನಿ."

ಉಸಿರು ಬಿಡುತ್ತ ಎಲ್ಲ ಹೇಳಿದೆ. ಅತ್ತೆಯ ಪೂಜೆಯನ್ನು ಹೇಳಿದೆ. ಗುಲಾಬಿ ನೀರು, ಅಕ್ಕಿ ಕಾಳು ಕಣ್ಣಿಗೆ ಬಿದ್ದೂ ಬರೆದದ್ದನ್ನೂ ಹೇಳಿದೆ. ಖಾಲಾ ಬಗ್ಗಿ ಮಣ್ಣಿಗೆ ಬೆರಳಿಟ್ಟರು. ಉಗುರಿನಷ್ಟು ಒದ್ದೆ. ಅದರ ಕೆಳಗೆ ಬಿಸಿ ಪುಡಿ.

"ನನ್ನ ಕಾಲಿಗೆ ಮುಂಜಾನೇನೇ ಗೊತ್ತಾಗಿತ್ತು ಬೇಟಿ," ಎಂದರು. "ಹೆಜ್ಜಿ ಇಟ್ರ ಮಣ್ಣ ಹತ್ತಲಿಲ್ಲ. ಓದಿದಾಕಿ ಬರದಾಳ, ನನ್ನ ಕಾಲಿನ ಮಾತ ಯಾಕ ಕೇಳ್ಲಿ ಅಂದೆ."

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಕಣ್ಣು ತುಂಬಿ ನಿಂತವಳನ್ನು ನೋಡಿ ಅವರು ಸೆರಗು ಬಿಗಿದರು. "ಅಳೂದು ಮನ್ಯಾಗ. ಈಗ ಕುಂಡ್ರು. ಹೆಕ್ಕು."

ಮೂವರೂ ಕೂತೆವು. ಸಾಲಿನ ಮಣ್ಣನ್ನು ಬೆರಳಲ್ಲಿ ಬಿಡಿಸುತ್ತ ಬೀಜ ಆರಿಸುವುದು. ಬೀಜವೂ ಮಣ್ಣಿನ ಬಣ್ಣದ್ದೇ. ಕಣ್ಣಿಗಿಂತ ಬೆರಳ ತುದಿಗೆ ಬೇಗ ಸಿಗುತ್ತದೆ, ನುಣುಪಿನಿಂದ. ಉಗುರಿನ ಸಂದಿಗೆ ಗರಸು ಹೊಕ್ಕು ಉರಿಯಿತು. ಖಾಲಾ ಮೂರು ಹೆಕ್ಕುವಷ್ಟರಲ್ಲಿ ನನಗೆ ಒಂದು ಸಿಗುತ್ತಿತ್ತು. ಅರ್ಧ ಸಾಲು ಕಳೆದ ಮೇಲೆ ಅವರೇ ಹೇಳಿದರು. "ನಿಮ್ಮತ್ತಿಗಿ ಹೇಳು, ಮುಂದಿನ ಸಲ ಕೊಳವ್ಯಾಗ ಹೋಳಿಗಿ ಹಾಕಂತ. ನಾ ಬಿತ್ತೂದ್ ಬಿಟ್ಟು ಊಟಕ್ಕ ಬರ್ತೇನಿ." ಅವರ ತಮ್ಮ ನಕ್ಕರು. ನನಗೂ ನಗು ಬಂತು, ಮೂಗು ಒರೆಸಿಕೊಂಡಲ್ಲಿ ಕೆಂಪು ಮಣ್ಣು ಹತ್ತಿತು.

ಮಧ್ಯಾಹ್ನದ ಹೊತ್ತಿಗೆ ಹೆಚ್ಚುಕಡಿಮೆ ಬೀಜ ಉಡಿಗೆ ಮರಳಿತ್ತು. ಎಲ್ಲವೂ ಅಲ್ಲ. ಖಾಲಾ ಉಡಿಯನ್ನು ಕೈಯಲ್ಲಿ ತೂಗಿ ನೋಡಿ, ಎರಡು ಸಾಲಿನಷ್ಟು ಕಮ್ಮಿ ಎಂದರು.

ಸಂಜೆ ಅತ್ತೆ ನಮ್ಮ ಮನೆಯಲ್ಲಿದ್ದ ಹೆಸರುಕಾಳಿನ ಬೀಜವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅವರ ಬಾಗಿಲಿಗೆ ಹೋದರು. ತೊಗರಿಯೊಂದನ್ನೇ ನೆಚ್ಚಬೇಡಿ, ನಡುವೆ ಹೆಸರು ಹಾಕಿ, ಧಾರಣೆ ಬಿದ್ದರೂ ಒಂದು ಬೆಳೆ ಕೈಗೆ ಬರುತ್ತದೆ ಎಂದು ಸಂಸ್ಥೆಯವರು ಹೇಳಿ ಹೇಳಿ ಸೋತಿದ್ದರು. ಅತ್ತೆಗೆ ಅಷ್ಟು ಮಾತು ಬೇಕಾಗಲಿಲ್ಲ.

"ತಗೋ ಬೇ. ನಾ ಸುರವಿದ ನೀರಿಂದ ಹೋದ ಸಾಲಿಗಿ."

"ಇದಕ್ಕೂ ಕುಂಕುಮ ಹಚ್ಚೀಯೇನು?"

"ಹಚ್ಚಿಲ್ಲ ಮಾರಾಯ್ತಿ, ತಗೋ."

ಆಮೇಲೆ ಬಿಸಿಲೇ ಬಿಸಿಲು. ಅಮಾವಾಸ್ಯೆಗೆ ಘತ್ತರಗಿಯ ಗುಡಿಗೆ ಹೋಗಿಬಂದವರು ಅಫಜಲಪುರ ಕಡೆ ಮಳೆಯಾಗಿದೆ ಎಂದರು. ನಮ್ಮ ಮೇಲೆ ಮೋಡ ಬಂದು ಹಾಗೇ ಹೋಗುತ್ತಿತ್ತು. ಬೀಜ ಹೆಕ್ಕಿ ಬಂದ ರಾತ್ರಿಯೇ ಹಲಗೆ ಒರೆಸಿ, ಇನ್ನು ತೆಗೆದಿಡಬೇಕೆಂದಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಖಾಲಾ ಎಂದಿನಂತೆ ಅದರ ಮುಂದೆ ನಿಂತಿದ್ದಾರೆ, "ಯಾಕ ಟೀಚರಮ್ಮ, ಹಲಗಿ ಖಾಲಿ ಅದ, ಇವತ್ತ ಸಾಲಿಗಿ ಸೂಟಿ ಏನು?" ಎನ್ನುತ್ತ. ಅವರು ಹಾಗೆ ಬಂದು ನಿಂತದ್ದಕ್ಕೆ ನಾನು ಇವತ್ತಿಗೂ ಋಣಿ. ಅಂದಿನಿಂದ ಹನಿ ಬಿದ್ದ ದಿನಗಳಲ್ಲಿ ನಾನೂ ಮಡ್ಡಿಯವರೆಗೆ ನಡೆದು, ಅವರು ತೋರಿಸಿಕೊಟ್ಟಂತೆ ಮಣ್ಣು ಬಗೆದು, ತೇವ ಎಷ್ಟು ಬೆರಳು ಇಳಿದಿದೆ ಎಂದು ಹಲಗೆಯ ಮೇಲೆ ಇನ್ನೊಂದು ಸಾಲು ಬರೆಯತೊಡಗಿದೆ.

ಕಡೆಗೊಂದು ಬೆಳಿಗ್ಗೆ ಅಂಗಳವೆಲ್ಲ ಕೆಸರು. ನಾನು ಕೊಳವೆಯ ಹತ್ತಿರ ಬಗ್ಗುವಷ್ಟರಲ್ಲಿ ಖಾಲಾ ಬಂದರು, ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು. "ಮೊದಲ ನಿಂದು ಹೇಳು."

"ಗೆರಿ ದಾಟ್ಯದ ರೀ. ನೀರು ತಿಳಿ ಅದ."

ಅವರು ಕೈ ಮುಂದೆ ತಂದರು. ಮಣಿಕಟ್ಟು ದಾಟಿ ಬಳೆಯವರೆಗೆ ಒದ್ದೆ ಮಣ್ಣು ಮೆತ್ತಿತ್ತು. "ನಂದೂ ಹೌದು ಅನ್ನಾಕತ್ತದ. ನಡಿ."

ಹೊಲದಲ್ಲಿ ಮೊದಲ ಹಿಡಿ ಬೀಜವನ್ನು ನನ್ನ ಉಡಿಗೆ ಹಾಕಿ, ಬಟ್ಟಲಿಗೆ ನೀನೇ ಬಿಡು ಎಂದರು. ಎತ್ತು ಹೆಜ್ಜೆ ಕಿತ್ತವು. ನನ್ನ ಮುಷ್ಟಿಯಿಂದ ಬೀಜ ಒಮ್ಮೆಗೇ ಸುರಿಯಿತು.

"ಅರೇ, ಬೆರಳ ಬಿಗಿ ಹಿಡಿ ಬೇ! ಪಾರಿವಾಳಕ್ಕ ಹಾಕಾಕತ್ತೀಯೇನು?"

ಬಿಗಿ ಹಿಡಿದೆ. ಒಂದೊಂದೇ ಕಾಳು ಬಟ್ಟಲಿನಲ್ಲಿ ಸದ್ದು ಮಾಡಿ, ನಳಿಗೆಯಲ್ಲಿ ಜಾರಿ, ಮಡ್ಡಿಯ ಒದ್ದೆ ಮಣ್ಣಿನೊಳಗೆ ಹೋಯಿತು.